ಬಿ.ಎ. ಪದವಿಯಲ್ಲಿ ಜಗತ್ತಿನ ಇತಿಹಾಸ: ಒಂದು ಪಠ್ಯಪತ್ರಿಕೆ ನಡೆದುಬಂದ ದಾರಿ

2024–25ನೇ ಸಾಲಿನಲ್ಲಿ ಕರ್ನಾಟಕದ ಪದವಿ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ಏಕಕಾಲಕ್ಕೆ ಎರಡು ಪಠ್ಯಕ್ರಮಗಳು ನಡೆಯುತ್ತಿದ್ದವು. ಎರಡನೇ ಮತ್ತು ಮೂರನೇ ವರ್ಷದ ಬಿ.ಎ. ವಿದ್ಯಾರ್ಥಿಗಳು ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಜಾರಿಯಾದ ಚೌಕಟ್ಟಿನಲ್ಲಿ ಓದುತ್ತಿದ್ದರೆ, ಆಗಷ್ಟೇ ಸೇರಿದ ಮೊದಲ ವರ್ಷದವರು 2024ರ ಮೇ ತಿಂಗಳ ಸರ್ಕಾರಿ ಆದೇಶದಂತೆ ಮರಳಿ ಬಂದ ಮೂರು ವರ್ಷಗಳ, ಮೂರು ಮುಖ್ಯ ವಿಷಯಗಳ ಪದವಿಯಲ್ಲಿದ್ದರು. ಕ್ರೆಡಿಟ್ ಎಷ್ಟು, ವಾರಕ್ಕೆ ಎಷ್ಟು ಗಂಟೆ, ಆಂತರಿಕ ಅಂಕಗಳ ಪಾಲೆಷ್ಟು ಎಂಬ ಬಗ್ಗೆ ಈ ಅವಧಿಯಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಇತಿಹಾಸವನ್ನು ಆರಿಸಿಕೊಂಡ ವಿದ್ಯಾರ್ಥಿ ಜಗತ್ತಿನ ಚರಿತ್ರೆಯನ್ನು ಎಷ್ಟು ಓದಬೇಕು, ಯಾವ ಬಗೆಯಲ್ಲಿ ಓದಬೇಕು ಎಂಬ ಹಳೆಯ ಪ್ರಶ್ನೆ ಮಾತ್ರ ಈ ಗದ್ದಲದಲ್ಲಿ ಹಿಂದೆ ಉಳಿಯಿತು. ಆ ಪ್ರಶ್ನೆಗೆ ಒಂದು ಶತಮಾನಕ್ಕೂ ಮೀರಿದ ಹಿನ್ನೆಲೆಯಿದೆ.

1857ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದ್ರಾಸಿನಲ್ಲಿ ವಿಶ್ವವಿದ್ಯಾಲಯಗಳು ಆರಂಭವಾದಾಗ ಪದವಿ ತರಗತಿಯಲ್ಲಿ ಇತಿಹಾಸವೆಂದರೆ ಬಹುಪಾಲು ಇಂಗ್ಲೆಂಡಿನ ಇತಿಹಾಸ ಮತ್ತು ಅದರ ಬೆನ್ನಿಗಿದ್ದ ಗ್ರೀಸ್–ರೋಮ್‌ಗಳ ಕಥೆಯಾಗಿತ್ತು. ಧಾರವಾಡ ಭಾಗ ಬೊಂಬಾಯಿಗೂ ಮೈಸೂರು, ಮಂಗಳೂರಿನ ಕಾಲೇಜುಗಳು ಮದ್ರಾಸಿಗೂ ಸೇರಿದ್ದರಿಂದ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಕನ್ನಡ ನಾಡಿನ ವಿದ್ಯಾರ್ಥಿಗಳು ಏನನ್ನು ಓದಬೇಕೆಂಬುದು ಹೊರಗಿನ ಊರುಗಳಲ್ಲೇ ತೀರ್ಮಾನವಾಗುತ್ತಿತ್ತು. ಸ್ವಾತಂತ್ರ್ಯಾನಂತರ ಪ್ರಾಚೀನ ಭಾರತ, ಮಧ್ಯಕಾಲೀನ ಭಾರತ, ರಾಷ್ಟ್ರೀಯ ಚಳವಳಿ, ಕರ್ನಾಟಕದ ಇತಿಹಾಸ ಇವು ಕ್ರಮವಾಗಿ ಮುಂದಿನ ಸಾಲಿಗೆ ಬಂದವು. ಇಂಗ್ಲೆಂಡ್ ಹಿಂದೆ ಸರಿದು, ಅದರ ಜಾಗದಲ್ಲಿ ಯುರೋಪು ನಿಂತಿತು.

ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಬೇರೊಂದು ವಾದ ಬೆಳೆಯುತ್ತಿತ್ತು. ಮೊದಲ ಮಹಾಯುದ್ಧ ಮುಗಿದ ಬೆನ್ನಲ್ಲೇ, 1919ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಪದವಿಯ ಮೊದಲ ವರ್ಷದವರೆಲ್ಲರೂ ಓದಲೇಬೇಕಾದ ಸಮಕಾಲೀನ ನಾಗರಿಕತೆಯ ಕೋರ್ಸನ್ನು ಆರಂಭಿಸಿತು. ಅದರ ಮಾದರಿಯಲ್ಲಿ ಹಲವು ಕಡೆ ಹರಡಿದ ‘ಪಾಶ್ಚಾತ್ಯ ನಾಗರಿಕತೆ’ಯ ಕೋರ್ಸುಗಳು ಅಥೆನ್ಸಿನಿಂದ ಹೊರಟು ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿ ಮುಗಿಯುವ ಒಂದೇ ರೇಖೆಯನ್ನು ಹಿಡಿದಿದ್ದವು. ಎರಡನೇ ಮಹಾಯುದ್ಧದ ಬಳಿಕ ಷಿಕಾಗೋದಲ್ಲಿ ವಿಲಿಯಂ ಮ್ಯಾಕ್ನೀಲ್ ಮತ್ತು ಮಾರ್ಷಲ್ ಹಾಡ್ಜ್‌ಸನ್, ವಿಸ್ಕಾನ್ಸಿನ್‌ನಲ್ಲಿ ಫಿಲಿಪ್ ಕರ್ಟಿನ್ ಮೊದಲಾದ ಇತಿಹಾಸಕಾರರು ಈ ರೇಖೆಯನ್ನು ಪ್ರಶ್ನಿಸಿದರು. 1982ರಲ್ಲಿ ವಿಶ್ವ ಇತಿಹಾಸಕಾರರ ಸಂಘ ಹುಟ್ಟಿತು. 1988ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಪ್ರತಿಭಟನೆ ಮತ್ತು ಬಿರುಸಾದ ಸಾರ್ವಜನಿಕ ವಾಗ್ವಾದದ ನಂತರ ತನ್ನ ಕಡ್ಡಾಯ ಪಾಶ್ಚಾತ್ಯ ಸಂಸ್ಕೃತಿ ಕೋರ್ಸನ್ನು ಬದಲಿಸಿತು. 2000ದ ನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ವಾರಿಕ್, ಬರ್ಲಿನ್ ಮುಂತಾದೆಡೆ ‘ಜಾಗತಿಕ ಇತಿಹಾಸ’ ಎಂಬ ಹೆಸರಿನಲ್ಲಿಯೇ ಅಧ್ಯಯನ ನೆಲೆಯೂರಿತು. ಮೊದಲು ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದಲ್ಲಿ ಬೇರುಬಿಟ್ಟ ಈ ಅಧ್ಯಯನ ಅನಂತರ ಪದವಿ ತರಗತಿಗೂ ಇಳಿಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಳೆಯ ಬಗೆಯ ವಿಶ್ವ ಇತಿಹಾಸ ದೇಶದೇಶಗಳ ಚರಿತ್ರೆಯನ್ನು ಒಂದರ ಪಕ್ಕದಲ್ಲಿ ಒಂದಾಗಿ ಜೋಡಿಸುತ್ತಿತ್ತು. ಜಾಗತಿಕ ಇತಿಹಾಸ ಆ ದೇಶಗಳ ನಡುವೆ ಓಡಾಡಿದ ಸರಕು, ಜನ, ರೋಗ, ಸಾಲ ಮತ್ತು ವಿಚಾರಗಳನ್ನು ಹಿಂಬಾಲಿಸುತ್ತದೆ. ಈ ಚಿಂತನೆಗೆ ಭಾರತೀಯ ವಿದ್ವಾಂಸರ ಕೊಡುಗೆ ದೊಡ್ಡದು. ಹಿಂದೂ ಮಹಾಸಾಗರದ ವ್ಯಾಪಾರವನ್ನು ಕುರಿತು ಅಶೀನ್ ದಾಸ್‌ಗುಪ್ತ ಮತ್ತು ಕೆ.ಎನ್. ಚೌಧುರಿ ಮಾಡಿದ ಕೆಲಸ, ಪರಸ್ಪರ ಹೆಣೆದುಕೊಂಡ ಚರಿತ್ರೆಗಳನ್ನು ಕುರಿತು ಸಂಜಯ್ ಸುಬ್ರಹ್ಮಣ್ಯಂ ಮಂಡಿಸಿದ ವಾದ ಇಂದು ಹೊರದೇಶಗಳ ಪದವಿ ತರಗತಿಗಳಲ್ಲಿ ಓದಿಗೆ ಇವೆ. ಅದಕ್ಕೂ ಮೊದಲು, 1950ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಎ. ನೀಲಕಂಠ ಶಾಸ್ತ್ರಿಗಳು ದಕ್ಷಿಣ ಭಾರತವನ್ನು ಸುಮಾತ್ರಾದ ಶ್ರೀವಿಜಯ ರಾಜ್ಯ ಮತ್ತು ಆಗ್ನೇಯ ಏಷ್ಯಾದ ಜೊತೆಗಿಟ್ಟು ನೋಡಿದವರು. ಅಂದರೆ ಕಡಲಾಚೆ ದೃಷ್ಟಿ ಹಾಯಿಸುವ ವಿದ್ವತ್ತು ನಮ್ಮ ವಿಶ್ವವಿದ್ಯಾಲಯಕ್ಕೆ ಅಪರಿಚಿತವಾಗಿರಲಿಲ್ಲ. ಅದು ಬಿ.ಎ. ಪಠ್ಯಕ್ರಮದೊಳಗೆ ಗಟ್ಟಿಯಾಗಿ ಕೂರಲಿಲ್ಲ, ಅಷ್ಟೇ.

ಕೂರದಿರಲು ಕಾರಣ ಪದವಿಯ ರಚನೆಯಲ್ಲಿಯೇ ಇತ್ತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಎಚ್.ಇ.ಪಿ. ಸಂಯೋಜನೆಯಲ್ಲಿ ಓದುವ ವಿದ್ಯಾರ್ಥಿಗೆ ಇತಿಹಾಸ ಮೂರು ಐಚ್ಛಿಕ ವಿಷಯಗಳಲ್ಲಿ ಒಂದು. ಆ ಪಾಲಿನಲ್ಲಿ ಭಾರತಕ್ಕೂ ಕರ್ನಾಟಕಕ್ಕೂ ಜಾಗ ಕೊಟ್ಟ ಮೇಲೆ, ಹೊರ ಜಗತ್ತಿಗೆ ಹಲವು ಕಡೆ ಉಳಿಯುತ್ತಿದ್ದುದು ಒಂದು ಪತ್ರಿಕೆ ಮಾತ್ರ, ಅದೂ ಸಾಮಾನ್ಯವಾಗಿ ಪದವಿಯ ಕೊನೆಯ ಘಟ್ಟದಲ್ಲಿ. ಫ್ರೆಂಚ್ ಕ್ರಾಂತಿ, ನೆಪೋಲಿಯನ್, ಇಟಲಿ ಮತ್ತು ಜರ್ಮನಿಯ ಏಕೀಕರಣ, ರಷ್ಯಾದ ಕ್ರಾಂತಿ, ಎರಡು ಮಹಾಯುದ್ಧಗಳು, ವಿಶ್ವಸಂಸ್ಥೆ ಎಂಬ ಅನುಕ್ರಮ ದಶಕಗಳ ಕಾಲ ಹೆಚ್ಚು ಅಲುಗಾಡದೆ ಉಳಿಯಿತು. ಇತಿಹಾಸವೊಂದನ್ನೇ ಪ್ರಧಾನವಾಗಿ ಓದಿಸುವ ದೆಹಲಿ ವಿಶ್ವವಿದ್ಯಾಲಯದ ಆನರ್ಸ್ ಪದವಿಯಲ್ಲಿ ಪ್ರಾಚೀನ ಮತ್ತು ಮಧ್ಯಯುಗದ ಜಗತ್ತಿನ ಸಮಾಜಗಳು, ಆಧುನಿಕ ಪಶ್ಚಿಮದ ಉದಯ, ಆಧುನಿಕ ಯುರೋಪು ಇವಕ್ಕೆಲ್ಲ ಬೇರೆಬೇರೆ ಪತ್ರಿಕೆಗಳಿದ್ದವು. ಅವುಗಳ ಜೊತೆಗೆ ಚೀನಾ–ಜಪಾನ್, ಅಮೆರಿಕ, ಸೋವಿಯತ್ ರಷ್ಯಾಗಳ ಚರಿತ್ರೆಯನ್ನು ಆಯ್ದುಕೊಳ್ಳುವ ಅವಕಾಶವೂ ಇತ್ತು. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅಷ್ಟು ಪತ್ರಿಕೆಗಳಿಗೆ ಅಧ್ಯಾಪಕರೂ ಇರಲಿಲ್ಲ, ಕನ್ನಡದಲ್ಲಿ ಪುಸ್ತಕಗಳೂ ಇರಲಿಲ್ಲ. ಯುರೋಪಿನ ಪತ್ರಿಕೆಗೆ ಮಾತ್ರ ಕನ್ನಡ ಪಠ್ಯಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಕೈಬದಲಾಯಿಸುತ್ತ ಬಂದ ನೋಟ್ಸ್ ಎಲ್ಲವೂ ಸಿಗುತ್ತಿದ್ದವು. ಸಿಗುವುದನ್ನೇ ಓದಿಸುವುದು, ಓದಿಸಿದ್ದನ್ನೇ ಕೇಳುವುದು ರೂಢಿಯಾಯಿತು.

ಈ ರೂಢಿಯಿಂದ ಆದ ನಷ್ಟ ಎಂಥದು ಎಂಬುದಕ್ಕೆ ಧಾರವಾಡದ ಹತ್ತಿಯ ಪ್ರಸಂಗ ಒಳ್ಳೆಯ ನಿದರ್ಶನ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ಭಾರತದ ಬೇರೆಬೇರೆ ಕಡೆ ಅಮೆರಿಕನ್ ತಳಿಯ ಹತ್ತಿಯನ್ನು ಬೆಳೆಯಲು ಪ್ರಯತ್ನಿಸಿತು. ಹೆಚ್ಚಿನ ಕಡೆ ಸೋತ ಆ ಪ್ರಯೋಗ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಫಲ ಕೊಟ್ಟು, ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ದಿಗ್ಬಂಧನಕ್ಕೊಳಗಾದಾಗ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ಬಹುತೇಕ ನಿಂತಿತು. ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿ ಹೊತ್ತವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಮುಂದೆ ರೈಲು ಮಾರ್ಗ ಮರ್ಮಗೋವಾ ಬಂದರನ್ನು ಮುಟ್ಟಿದ ಮೇಲೆ ಕುಮಟೆಯ ಕಳೆಯೂ ಇಳಿಯಿತು.

ಈ ಒಂದು ಪ್ರಸಂಗದಲ್ಲಿ ಗುಲಾಮಗಿರಿ, ಕೈಗಾರಿಕಾ ಕ್ರಾಂತಿ, ವಸಾಹತು ಆಡಳಿತ ಮತ್ತು ಗದಗ–ಹುಬ್ಬಳ್ಳಿಯ ರೈತನ ಜೀವನ ಒಂದೇ ಎಳೆಯಲ್ಲಿ ಸೇರಿವೆ. ಆದರೆ ನಮ್ಮ ಪದವಿಯಲ್ಲಿ ಕೈಗಾರಿಕಾ ಕ್ರಾಂತಿ ಒಂದು ಪತ್ರಿಕೆಗೆ, ವಸಾಹತುಶಾಹಿ ಇನ್ನೊಂದಕ್ಕೆ, ಧಾರವಾಡ ಮತ್ತೊಂದಕ್ಕೆ ಸೇರಿದೆ. ಒಂದೊಂದೂ ಒಂದೊಂದು ಸೆಮಿಸ್ಟರಿನಲ್ಲಿ ಬಂದು ಪರೀಕ್ಷೆಯೊಂದಿಗೆ ಮುಗಿಯುವುದರಿಂದ, ಮೂರನ್ನೂ ಚೆನ್ನಾಗಿ ಓದಿದ ವಿದ್ಯಾರ್ಥಿಗೂ ಅವುಗಳ ನಡುವಿನ ಸಂಬಂಧವನ್ನು ಯಾರೂ ತೋರಿಸಿಕೊಟ್ಟಿರುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಮೆಣಸು, ಕಬ್ಬಿಣಗಳ ವ್ಯಾಪಾರ ಮಾಡಿದ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮತ್ತು ಆತನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೊಮ್ಮನ ವಿಷಯ ಕೈರೋದ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ) ದೊರೆತ ಪತ್ರಗಳಿಂದ ತಿಳಿದುಬಂದಿದೆ. 1443ರಲ್ಲಿ ಇಂದಿನ ಅಫ್ಘಾನಿಸ್ತಾನದ ಹೆರಾತಿನಿಂದ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕ್ ನಮ್ಮ ಪಠ್ಯಗಳಲ್ಲಿ ಇದ್ದಾನೆ, ಆದರೆ ರಾಜಧಾನಿಯ ವೈಭವಕ್ಕೆ ಸಾಕ್ಷಿ ಹೇಳುವವನಾಗಿ ಮಾತ್ರ. ಅವನನ್ನು ಕಳಿಸಿದ, ತೈಮೂರನ ವಂಶದ ದೊರೆಗೆ ದಕ್ಷಿಣ ಭಾರತದಲ್ಲಿ ಏನು ಆಸಕ್ತಿಯಿತ್ತು, ಪರ್ಷಿಯಾ ಕೊಲ್ಲಿಯ ಬಂದರಾದ ಹೊರ್ಮುಜ್‌ನಿಂದ ಕುದುರೆಗಳು ಭಟ್ಕಳಕ್ಕೆ ಯಾಕೆ ಬರುತ್ತಿದ್ದವು ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ.

2013ರಲ್ಲಿ ಕೇಂದ್ರ ಲೋಕಸೇವಾ ಆಯೋಗ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗೆ ಹದಿನೆಂಟನೇ ಶತಮಾನದಿಂದೀಚಿನ ಜಗತ್ತಿನ ಇತಿಹಾಸವನ್ನು ಸೇರಿಸಿತು. ಓದುವವರ ಸಂಖ್ಯೆ ಇದರಿಂದ ಹೆಚ್ಚಿತು. ಓದಿನ ಬಗೆ ಮಾತ್ರ ಇನ್ನಷ್ಟು ಬಿಗಿಯಾಯಿತು. ಕೋಚಿಂಗ್ ತರಗತಿಗಳಲ್ಲಿ ಹಂಚುವ ಸಂಕ್ಷಿಪ್ತ ಟಿಪ್ಪಣಿಗಳು ಪದವಿ ತರಗತಿಗೂ ಬಂದವು, ಕಾರಣಗಳು ಮತ್ತು ಪರಿಣಾಮಗಳು ಎಂಬ ಅಚ್ಚಿನಲ್ಲಿ ಉತ್ತರ ಬರೆಯುವುದೇ ಇತಿಹಾಸದ ಓದು ಎಂಬ ಭಾವನೆ ಬಲಗೊಂಡಿತು. ಸ್ಪರ್ಧಾತ್ಮಕ ಪರೀಕ್ಷೆಯ ಕನಸು ಹೊತ್ತು ಬಿ.ಎ. ಸೇರುವ ಮಕ್ಕಳ ಆಸೆ ನ್ಯಾಯವಾದದ್ದು. ಆ ಆಸೆಗೆ ಉತ್ತರ ಕೊಡುವ ಹೊಣೆಯನ್ನು ತರಗತಿಯ ಹೊರಗೆ ಬಿಟ್ಟದ್ದು ಬೇಸರದ ಸಂಗತಿ.

ಜಾಗತಿಕ ಇತಿಹಾಸಕ್ಕೆ ಆಕ್ಷೇಪಗಳೂ ಇವೆ, ಮತ್ತು ಅವು ಗಂಭೀರವಾದವು. ವ್ಯಾಪ್ತಿ ಹಿಗ್ಗಿದಷ್ಟೂ ಆಳ ಕಡಿಮೆಯಾಗುತ್ತದೆ. ಹಲವು ಭಾಷೆಗಳ ಆಕರಗಳನ್ನು ಓದಬೇಕಾದ ಅಧ್ಯಯನ ಕೊನೆಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನು ಮಾತ್ರ ನೆಚ್ಚಿಕೊಳ್ಳುತ್ತದೆ. ಸಂಚಾರ ಮತ್ತು ಸಂಪರ್ಕಗಳನ್ನು ಹುಡುಕುವ ಉತ್ಸಾಹದಲ್ಲಿ, ಎಲ್ಲಿಗೂ ಹೋಗದೆ ಒಂದೇ ಊರಿನಲ್ಲಿ ಬದುಕಿದ ಬಹುಸಂಖ್ಯಾತರು ಮರೆಯಾಗುತ್ತಾರೆ. ಕನ್ನಡ ಮಾಧ್ಯಮದಲ್ಲಿ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳಿಗೆ ಇವುಗಳಲ್ಲಿ ಎರಡನೆಯದು ಹೆಚ್ಚು ಕಾಡುತ್ತದೆ. ಹಿಂದೂ ಮಹಾಸಾಗರವನ್ನು ಕುರಿತ ಸಂಶೋಧನೆಯ ಬಹುಪಾಲು ಅವರಿಗೆ ಎಟಕುವ ಭಾಷೆಯಲ್ಲಿ ಇಲ್ಲ.

2021ರ ಚೌಕಟ್ಟು ನಾಲ್ಕು ವರ್ಷಗಳ ಆನರ್ಸ್ ಪದವಿಯ ದಾರಿ ತೆರೆದಾಗ ಇಂಥ ಓದಿಗೆ ಅವಕಾಶ ಸಿಗಬಹುದೆಂಬ ನಿರೀಕ್ಷೆಯಿತ್ತು. ಆದರೆ ಪಠ್ಯಗಳು ಸಿದ್ಧವಾಗುವ ಮುನ್ನವೇ ಸೆಮಿಸ್ಟರುಗಳು ಶುರುವಾದವು. 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿತು. ಪ್ರತಿ ಬದಲಾವಣೆಯಲ್ಲೂ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಸಮಯ ಅಂಕ–ಗಂಟೆಗಳ ಮರುಹಂಚಿಕೆಗೇ ಹೆಚ್ಚಾಗಿ ವ್ಯಯವಾಯಿತು.

ಪತ್ರಿಕೆಗಳ ನಡುವೆ ಸೇತುವೆ ಕಟ್ಟಲು ಕ್ರೆಡಿಟ್ಟುಗಳ ಸಂಖ್ಯೆ ಬದಲಾಗಬೇಕಾಗಿಯೂ ಇಲ್ಲ. 1883ರಲ್ಲಿ ಅಚ್ಚಾದ ಉತ್ತರ ಕನ್ನಡ ಗೆಜೆಟಿಯರ್ ಮತ್ತು 1884ರ ಧಾರವಾಡ ಗೆಜೆಟಿಯರ್‌ಗಳಲ್ಲಿ ಹತ್ತಿ, ಬಂದರು ಮತ್ತು ರಸ್ತೆಗಳ ವಿವರ ಪುಟಗಟ್ಟಲೆ ಇದೆ. ಅವುಗಳ ಆಯ್ದ ಭಾಗಗಳನ್ನು ಕನ್ನಡಕ್ಕೆ ತಂದು, ಕೈಗಾರಿಕಾ ಕ್ರಾಂತಿಯ ಘಟಕದ ಜೊತೆಗೇ ವಿದ್ಯಾರ್ಥಿಗಳ ಕೈಗೆ ಕೊಡುವುದು ಈಗಿರುವ ಪತ್ರಿಕೆಯೊಳಗೇ ಸಾಧ್ಯವಿರುವ ಕೆಲಸ. ಅದನ್ನು ಒಂದು ಜಿಲ್ಲೆಯ ನಾಲ್ಕೈದು ಕಾಲೇಜುಗಳ ಅಧ್ಯಾಪಕರು ಕೂಡಿ ಒಂದು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಬಹುದು.