ಹೊಗೆ ಒತ್ತುವ ತಿದಿ

ಕುಲುಮೆಯಲ್ಲಿ ತಿದಿ ಒತ್ತುವುದನ್ನು ನೋಡಿದವರಿಗೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಅರ್ಥವಾಗುವುದು ಸುಲಭ. ಗಾಳಿ ಜಾಸ್ತಿಯಾದಷ್ಟೂ ಬೆಂಕಿ ಜೋರಾಗುತ್ತದೆ. ಎಂಜಿನ್ನಿನ ಒಳಗೂ ಅಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಸಿಲಿಂಡರ್ ಇರುವುದೇ ಇಷ್ಟು ಅಂದ ಮೇಲೆ ಅದು ಎಳೆದುಕೊಳ್ಳುವ ಗಾಳಿಯೂ ಇಷ್ಟೇ. ಶಕ್ತಿ ಇನ್ನೂ ಬೇಕೆಂದರೆ ಎಂಜಿನ್ನನ್ನು ದೊಡ್ಡದು ಮಾಡಬೇಕು, ಇಲ್ಲವೇ ಗಾಳಿಯನ್ನು ಒತ್ತಿ ತುಂಬಬೇಕು.

ಆದರೆ ತಿದಿ ಒತ್ತುವವರು ಯಾರು? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಆ ಕೆಲಸಕ್ಕೆ ಹೊಗೆಯನ್ನೇ ಹಚ್ಚಿದರು. 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂಧನದಲ್ಲಿರುವ ಶಕ್ತಿಯ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಬಿಸಿ ಹೊಗೆಯ ಜೊತೆ ಸೈಲೆನ್ಸರ್ ದಾಟಿ ಹೋಗಿಬಿಡುತ್ತದೆ. ಸುಮ್ನೆ ಹೋಗುವ ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿದರೆ? ನನಗೆ ಇವತ್ತಿಗೂ ಇದು ಯಂತ್ರಲೋಕದ ಅತಿ ಚೆಂದದ ಯೋಚನೆಗಳಲ್ಲಿ ಒಂದು.

ಒಮ್ಮೆ ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದ ಟರ್ಬೊವನ್ನು ಕೈಯಲ್ಲಿ ಹಿಡಿದು ನೋಡಿದೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಸವನಹುಳುಗಳ ಹಾಗಿತ್ತು. ಒಂದರೊಳಗೆ ಹೊಗೆಯ ಚಕ್ರ, ಇನ್ನೊಂದರೊಳಗೆ ಗಾಳಿಯ ಚಕ್ರ. ಎರಡೂ ಅಂಗೈಗಿಂತ ಚಿಕ್ಕವು. ನಡುವೆ ಒಂದೇ ದಂಡ, ಹೊಗೆ ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗಿ ಗಾಳಿ ಒತ್ತುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದೆ, ಸದ್ದೇ ಇಲ್ಲದೆ ತಿರುಗಿತು. ಎಂಜಿನ್ ನಿಮಿಷಕ್ಕೆ 6,000 ಸುತ್ತು ಹಾಕುವಾಗ ಈ ಪುಟ್ಟ ಚಕ್ರ ಒಂದೂವರೆ ಲಕ್ಷ ಸುತ್ತು ದಾಟಬಲ್ಲದು. ಪೆಟ್ರೋಲ್ ಎಂಜಿನ್ನಿನಲ್ಲಿ ಹೊಗೆಯ ಕಡೆ 900 ಡಿಗ್ರಿ ಶಾಖ, ಒಂದು ಗೇಣು ಆಚೆಗೆ ಹೊರಗಿನ ತಣ್ಣನೆ ಗಾಳಿ. ದಂಡವನ್ನು ಹೊತ್ತಿರುವುದು ತೆಳ್ಳನೆ ಎಣ್ಣೆಯ ಪದರ.

"ಲಾಂಗ್ ಹೋಗಿ ಬಂದ್ರೆ ತಕ್ಷಣ ಆಫ್ ಮಾಡ್ಬೇಡಿ ಸಾರ್, ಒಂದು ನಿಮಿಷ ಹಾಗೇ ಬಿಡಿ," ಅಂದರು ಮೆಕ್ಯಾನಿಕ್. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕಾದ ದಂಡದ ಸುತ್ತ ಉಳಿದ ಎಣ್ಣೆ ಸೀದು ಕರಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಆ ಒಂದು ನಿಮಿಷ.

ಇನ್ನೊಂದು ತೊಡಕಿದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ, ಅಲ್ವಾ? ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಟರ್ಬೊ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡಿದರೆ ಅದರ ಶಾಖ 100 ಡಿಗ್ರಿ ದಾಟುತ್ತದೆ. ಅಂಥ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ನಿಗೇ ಏಟು. ಇದಕ್ಕೆ ಹೆದರಿಯೇ 1975ರ ಪೋರ್ಷೆ 911 ಟರ್ಬೊದಲ್ಲಿ ಎಂಜಿನ್ನಿನ ಸಂಕೋಚನದ ಪ್ರಮಾಣವನ್ನು, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ಲೆಕ್ಕವನ್ನು, 6.5ಕ್ಕೆ ಇಳಿಸಿದ್ದರು. 3 ಲೀಟರ್ ಎಂಜಿನ್, 260 ಅಶ್ವಶಕ್ತಿ. ಆದರೆ ಟರ್ಬೊ ಇನ್ನೂ ಎದ್ದಿಲ್ಲದಾಗ ಎಂಜಿನ್ ಮಂಕು. ಆಕ್ಸಿಲರೇಟರ್ ತುಳಿದರೆ ಮೊದಲು ಹೊಗೆ ಹೆಚ್ಚಬೇಕು, ಚಕ್ರ ವೇಗ ಹಿಡಿಯಬೇಕು, ಆಮೇಲೆ ಗಾಳಿ. ಆಗ ಪಿಕಪ್ ಒಮ್ಮೆಗೇ ನುಗ್ಗುತ್ತಿತ್ತು. ತಿರುವಿನ ನಡುವೆ ಹಾಗಾದರೆ ಹಿಂದಿನ ಚಕ್ರ ಜಾರುವುದು ಖಂಡಿತ. 1978ರಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಬಂತು, ಶಕ್ತಿ 300ಕ್ಕೆ ಏರಿತು. ಆದರೂ ಕಾಯುವುದು ತಪ್ಪಲಿಲ್ಲ. 2022ರ ಮರ್ಸಿಡಿಸ್-ಎಎಂಜಿ ಎಸ್‌ಎಲ್ 43 ಕಾರಿನಲ್ಲಿ ಟರ್ಬೊದ ದಂಡಕ್ಕೇ ಪುಟ್ಟ ವಿದ್ಯುತ್ ಮೋಟಾರು ಕೂರಿಸಿದರು. ಹೊಗೆ ಬರುವ ಮೊದಲೇ ಅದು ಚಕ್ರ ತಿರುಗಿಸುತ್ತದೆ.

ಇದೇ ಟರ್ಬೊ ಜೆಟ್ ಸ್ಕೀ ಅನ್ನುವ ನೀರಿನ ಸ್ಕೂಟರಿಗೆ ಹೋದಾಗ ಕಥೆ ಬೇರೆ. ಹೋಂಡಾ 2002ರಲ್ಲಿ ಆಕ್ವಾಟ್ರಾಕ್ಸ್ ಎಫ್-12ಎಕ್ಸ್ ತಂದಿತು. 1,235 ಸಿಸಿ, 165 ಅಶ್ವಶಕ್ತಿ, ಟರ್ಬೊ. ಅಷ್ಟು ಚಿಕ್ಕ ಎಂಜಿನ್ನಿಗೆ ಒಳ್ಳೇ ಶಕ್ತಿಯೇ. ಆದರೂ ಈ ಗಾಡಿಗಳ ಲೋಕದಲ್ಲಿ ಗೆದ್ದದ್ದು ಟರ್ಬೊ ಅಲ್ಲ, ಎಂಜಿನ್ನೇ ನೇರವಾಗಿ ತಿರುಗಿಸುವ ಸೂಪರ್‌ಚಾರ್ಜರ್. ಕವಾಸಾಕಿಯ 310 ಅಶ್ವಶಕ್ತಿಯ ಅಲ್ಟ್ರಾದಲ್ಲಿ ಇರುವುದು ಅದೇ.

ಯಾಕೆ ಹೀಗೆ? ನೀರಿನ ಸ್ಕೂಟರಿಗೆ ಗೇರ್ ಇಲ್ಲ. ಕಾರಿನಲ್ಲಾದರೆ ಒಂದು ಗೇರ್ ಇಳಿಸಿ ಎಂಜಿನ್ನಿನ ಸುತ್ತು ಏರಿಸಬಹುದು, ಟರ್ಬೊ ಏಳುತ್ತದೆ. ಇಲ್ಲಿ ಎಂಜಿನ್ ನೇರವಾಗಿ ನೀರು ಚಿಮ್ಮಿಸುವ ಪಂಪಿಗೆ ಸೇರಿರುತ್ತದೆ. ಅಲೆಯ ಮೇಲಿಂದ ಗಾಡಿ ಹಾರಿದಾಗ ಪಂಪಿಗೆ ನೀರೇ ಸಿಗುವುದಿಲ್ಲ. ಹೊರೆ ಇಲ್ಲದ ಎಂಜಿನ್ ಕಿರುಚುತ್ತದೆ. ಮರುಕ್ಷಣ ಗಾಡಿ ಮತ್ತೆ ನೀರಿಗೆ ಬಿದ್ದಾಗ ಪೂರ್ತಿ ಹೊರೆ ಒಮ್ಮೆಗೇ ಎಂಜಿನ್ನಿನ ಮೇಲೆ ಬೀಳುತ್ತದೆ. ಆಗ ಬೇಕಾದದ್ದು ಆ ಕ್ಷಣದ ಗಾಳಿ. ಸೂಪರ್‌ಚಾರ್ಜರನ್ನು ತಿರುಗಿಸುವುದು ಎಂಜಿನ್ನೇ, ಆದ್ದರಿಂದ ಗಾಳಿ ಬರಲು ಹೊಗೆಗೆ ಕಾಯಬೇಕಿಲ್ಲ. ಎಂಜಿನ್ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಡಬೇಕು, ಅದು ನಷ್ಟವೇ.

ಶಾಖದ ಮಾತೂ ಇದೆ. ಕಾರಿನ ಬಾನೆಟ್ಟಿನೊಳಗೆ ಓಡುವಾಗ ಗಾಳಿ ಆಡುತ್ತದೆ. ನೀರಿನ ಸ್ಕೂಟರಿನ ಎಂಜಿನ್ ಇರುವುದು ಫೈಬರಿನ ಮುಚ್ಚಿದ ಒಡಲಿನಲ್ಲಿ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಅಲ್ಲಿ ಕೆಂಪಗೆ ಕಾಯುವ ವಸ್ತುವಿಗೆ ಜಾಗವಿಲ್ಲ, ಟರ್ಬೊದ ಸುತ್ತ ನೀರು ಹರಿಸಬೇಕು.

ಹಾಗಂತ ನೀರಿಗೂ ಟರ್ಬೊಗೂ ಆಗಿಬರುವುದಿಲ್ಲ ಅಂದುಕೊಳ್ಳಬೇಡಿ. ಬ್ಯೂಖಿಯವರ ಯೋಚನೆ ದೊಡ್ಡದಾಗಿ ಕೈಗೂಡಿದ್ದೇ ನೀರಿನ ಮೇಲೆ. 1920ರ ದಶಕದಲ್ಲಿ ಪ್ರಾಯ್ಸನ್, ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನಿಗೆ ಟರ್ಬೊ ಹಾಕಿದರು. 1,750 ಅಶ್ವಶಕ್ತಿ 2,500 ಆಯಿತು. ಹಡಗು ಅಲೆಯ ಮೇಲೆ ಹಾರುವುದಿಲ್ಲ. ಗಂಟೆಗಟ್ಟಲೆ ಒಂದೇ ವೇಗ, ಒಂದೇ ಹೊರೆ. ಒಮ್ಮೆ ವೇಗ ಹಿಡಿದ ಚಕ್ರ ಬಂದರು ಮುಟ್ಟುವವರೆಗೂ ತಿರುಗುತ್ತಲೇ ಇರುತ್ತಿತ್ತು.