ಸಿದ್ಧ ಸ್ಟ್ರೋಕರ್ ಶಾರ್ಟ್ ಬ್ಲಾಕ್ ತರಿಸಬೇಕೇ, ಇಲ್ಲಿಯೇ ಕಟ್ಟಿಸಬೇಕೇ?

ಪ್ರಶ್ನೆ: ನಮ್ಮ ತೋಟದ ಹಳೆಯ ಜೀಪಿಗೆ ಹಿಂದಿನ ಮಾಲೀಕರು ಅಮೆರಿಕದ ಜೀಪ್ ಚೆರೋಕಿಯ 4.0 ಲೀಟರ್, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿದ್ದರು. ಈಗ ಅದು ಎಣ್ಣೆ ಕುಡಿಯುತ್ತಿದೆ, ಬಿಚ್ಚಲೇಬೇಕಾಗಿದೆ. ಹೇಗೂ ಎಂಜಿನ್ ಕೆಲಸ ಮಾಡಿಸುವುದಾದರೆ ಸ್ಟ್ರೋಕರ್ ಮಾಡಿಸೋಣ, ಅಂದರೆ ಪಿಸ್ಟನ್ ಓಡುವ ದೂರ ಹೆಚ್ಚಿಸಿ ಎಂಜಿನ್ನಿನ ಗಾತ್ರ ದೊಡ್ಡದು ಮಾಡಿಸೋಣ ಎಂಬ ಆಸೆ ಇದೆ. ಅಮೆರಿಕದಲ್ಲಿ ಜೋಡಿಸಿಯೇ ಮಾರುವ ಶಾರ್ಟ್ ಬ್ಲಾಕ್ ಸಿಗುತ್ತದಂತೆ. ಅದನ್ನು ತರಿಸಿ ಮೇಲೆ ಹೆಡ್ ಕೂರಿಸಿದರೆ ಸಾಕೇ? ಅಥವಾ ಇಲ್ಲಿಯೇ ಕಟ್ಟಿಸುವುದು ಮೇಲೇ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಈಗಿನ ಬ್ಲಾಕಿನಲ್ಲಿ ಬಿರುಕಿಲ್ಲದಿದ್ದರೆ ಮತ್ತು ಇನ್ನೊಮ್ಮೆ ಬೋರ್ ಮಾಡುವಷ್ಟು (ಒಳಗಿನಿಂದ ಕೊರೆದು ಅಗಲಿಸುವಷ್ಟು) ದಪ್ಪ ಸಿಲಿಂಡರ್ ಗೋಡೆಗಳಲ್ಲಿ ಉಳಿದಿದ್ದರೆ, ಕ್ರ್ಯಾಂಕ್ (ಪಿಸ್ಟನ್‌ಗಳ ಓಟವನ್ನು ತಿರುಗುವಿಕೆಯಾಗಿಸುವ ಶಾಫ್ಟ್), ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು), ಪಿಸ್ಟನ್‌ಗಳನ್ನು ಮಾತ್ರ ತರಿಸಿ ಬ್ಲಾಕಿನ ಕೆಲಸವನ್ನು ಇಲ್ಲಿಯೇ ಮಾಡಿಸುವುದು ಮೇಲು. ಬ್ಲಾಕೇ ಕೆಟ್ಟಿದ್ದರೆ ಸಿದ್ಧ ಶಾರ್ಟ್ ಬ್ಲಾಕ್ ತರಿಸುವುದು ಸರಿಯಾದ ದಾರಿ. ಆದರೆ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ‘ಹೆಡ್ ಕೂರಿಸಿದರೆ ಸಾಕು’ ಎಂಬ ಲೆಕ್ಕ ನಿಲ್ಲುವುದಿಲ್ಲ. ಜೋಡಣೆಯನ್ನು ಬೇರೆಯವರು ಮಾಡಿದ್ದಾರೆಂಬ ಕಾರಣಕ್ಕೆ ಅಳೆಯುವ, ಹೊಂದಿಸುವ, ನಿರ್ಧರಿಸುವ ಕೆಲಸ ನಿಮ್ಮ ಪಾಲಿಗೆ ತಪ್ಪುವುದಿಲ್ಲ.

ನಮ್ಮ ಮೆಕ್ಯಾನಿಕ್‌ಗಳು ಹಾಫ್ ಎಂಜಿನ್ ಎನ್ನುವುದೇ ಶಾರ್ಟ್ ಬ್ಲಾಕ್. ಬ್ಲಾಕ್, ಕ್ರ್ಯಾಂಕ್, ಕಾನ್‌ರಾಡ್, ಪಿಸ್ಟನ್, ರಿಂಗ್ ಮತ್ತು ಬೇರಿಂಗ್‌ಗಳು ಅದರಲ್ಲಿ ಇರುತ್ತವೆ. ಕ್ಯಾಮ್‌ಶಾಫ್ಟ್ ಮತ್ತು ಟೈಮಿಂಗ್ ಚೈನನ್ನು ಕೆಲವರು ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಹೆಡ್, ಆಯಿಲ್ ಪಂಪ್, ಆಯಿಲ್ ಸಂಪ್, ಮುಂದಿನ ಕವರ್, ಇಂಜೆಕ್ಟರ್‌ಗಳು ಸಾಮಾನ್ಯವಾಗಿ ಬೆಲೆಯ ಹೊರಗೇ ಉಳಿಯುತ್ತವೆ. ಆದ್ದರಿಂದ ಹಣ ಕಳುಹಿಸುವ ಮೊದಲು ಪೆಟ್ಟಿಗೆಯೊಳಗೆ ಏನೇನು ಬರುತ್ತದೆ ಎಂಬುದನ್ನು ಒಂದೊಂದಾಗಿ ಬರೆಸಿಕೊಳ್ಳಿ.

ಈ ಎಂಜಿನ್ ಸ್ಟ್ರೋಕರ್ ಆಗುವ ಬಗೆ ಸರಳವಾಗಿದೆ. 1987ರ ಮಾದರಿಗಳಿಂದ 2006ರವರೆಗೆ ಬಂದ 4.0 ಲೀಟರ್ ಎಂಜಿನ್ನಿನ ಸಿಲಿಂಡರಿನ ಒಳ ಅಗಲವಾದ ಬೋರ್ 98.4 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವಾದ ಸ್ಟ್ರೋಕ್ 86.7 ಮಿಲಿಮೀಟರ್. ಅದಕ್ಕಿಂತ ಹಳೆಯ, ಅದೇ ವಂಶದ 4.2 ಲೀಟರ್ ಎಂಜಿನ್ನಿನ ಸ್ಟ್ರೋಕ್ 98.9 ಮಿಲಿಮೀಟರ್. ಆ ಹಳೆಯ ಕ್ರ್ಯಾಂಕನ್ನು ಅಥವಾ ಅದೇ ಅಳತೆಗೆ ಹೊಸದಾಗಿ ಮಾಡಿದ ಕ್ರ್ಯಾಂಕನ್ನು 4.0 ಬ್ಲಾಕಿನೊಳಗೆ ಕೂರಿಸಿ, ಸಿಲಿಂಡರನ್ನು 30 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ಓವರ್‌ಸೈಜಿಗೆ ಬೋರ್ ಮಾಡಿದರೆ ಎಂಜಿನ್ ಸುಮಾರು 4.6 ಲೀಟರ್ ಆಗುತ್ತದೆ. ಅಂದರೆ ಶೇಕಡಾ 16ರಷ್ಟು ಹೆಚ್ಚು ಗಾತ್ರ. ಅದರ ಲಾಭ ಹೆಚ್ಚಾಗಿ ಕೆಳಗಿನ ಆರ್‌ಪಿಎಂನಲ್ಲಿ ಸಿಗುತ್ತದೆ. ಕಾಫಿ ಮೂಟೆ ಹೇರಿಕೊಂಡು ಫಸ್ಟ್ ಗೇರಿನಲ್ಲಿ ಕೆಸರಿನ ಏರು ಹತ್ತುವ ವಾಹನಕ್ಕೆ ಬೇಕಾದದ್ದೂ ಅದೇ, ಹಾಗಾಗಿ ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಅದೇ ಕಾರಣಕ್ಕೆ ಈ ಎಂಜಿನ್ನನ್ನು ಮೇಲಿನ ಆರ್‌ಪಿಎಂಗೆ ಎಳೆಯುವ ಅಗತ್ಯವೂ ಇಲ್ಲ. 5,000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 14.5 ಮೀಟರಿನಿಂದ 16.5 ಮೀಟರಿಗೆ ಏರುತ್ತದೆ, ರಿಂಗು ಮತ್ತು ಗೋಡೆಗಳ ಸವೆತವೂ ಅದರ ಜೊತೆಗೆ ಏರುತ್ತದೆ.

ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಕಾನ್‌ರಾಡಿನದು, ಏಕೆಂದರೆ ಅಗ್ಗದ ಜೋಡಣೆಗೂ ಒಳ್ಳೆಯ ಜೋಡಣೆಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಅಲ್ಲಿಯೇ ಗೊತ್ತಾಗುತ್ತದೆ. ಸ್ಟ್ರೋಕ್ 12.2 ಮಿಲಿಮೀಟರ್ ಹೆಚ್ಚಿದಾಗ ಪಿಸ್ಟನ್ ಮೇಲ್ತುದಿಯಲ್ಲಿ 6.1 ಮಿಲಿಮೀಟರ್ ಹೆಚ್ಚು ಏರುತ್ತದೆ. ಹಳೆಯ 4.2 ಎಂಜಿನ್ನಿನ ಕಾನ್‌ರಾಡ್ 4.0 ಎಂಜಿನ್ನಿನದಕ್ಕಿಂತ 6.35 ಮಿಲಿಮೀಟರ್ ಗಿಡ್ಡ. ಆದ್ದರಿಂದ ಆ ಗಿಡ್ಡ ರಾಡಿಗೆ 4.0 ಎಂಜಿನ್ನಿನ ಮಾಮೂಲಿ ಪಿಸ್ಟನ್ನನ್ನೇ ಹಾಕಿದರೆ ಎಲ್ಲವೂ ಹೊಂದಿಕೊಳ್ಳುತ್ತದೆ, ಪಿಸ್ಟನ್ ಮೊದಲಿಗಿಂತ ಕಾಲು ಮಿಲಿಮೀಟರಿನಷ್ಟು ಕೆಳಗೆ ನಿಲ್ಲುತ್ತದೆ, ಖರ್ಚೂ ಉಳಿಯುತ್ತದೆ. ಆದರೆ ಪಿಸ್ಟನ್ ತಲೆಯ ಚಪ್ಪಟೆ ಭಾಗಕ್ಕೂ ಹೆಡ್ಡಿಗೂ ನಡುವಿನ ಸಂದು ಸುಮಾರು 1 ಮಿಲಿಮೀಟರ್ ಇದ್ದರೆ ಮಾತ್ರ ಗಾಳಿ ಪೆಟ್ರೋಲಿನ ಮಿಶ್ರಣ ಚೆನ್ನಾಗಿ ಕಲಕಿ, ಬೇಗ ಉರಿದು, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಟಕಟಕ ಎನ್ನುವುದು) ದೂರವಿರುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಆ ಸಂದು ಅದಕ್ಕಿಂತ ದೊಡ್ಡದು. ಗಿಡ್ಡ ರಾಡಿನ ಜೋಡಣೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಜೊತೆಗೆ ರಾಡಿನ ಓರೆ ಹೆಚ್ಚಾಗಿ ಪಿಸ್ಟನ್ ಗೋಡೆಯ ಮೇಲೆ ಒತ್ತುವುದೂ ಹೆಚ್ಚುತ್ತದೆ. 4.0 ಎಂಜಿನ್ನಿನ ಉದ್ದ ರಾಡನ್ನೇ ಉಳಿಸಿಕೊಂಡು, ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ ಸುಮಾರು 6 ಮಿಲಿಮೀಟರ್ ಮೇಲಿರುವಂತೆ ವಿಶೇಷವಾಗಿ ಮಾಡಿದ ಪಿಸ್ಟನ್ ಹಾಕಿದ ಜೋಡಣೆಗೆ ಹಣ ಹೆಚ್ಚು ಬೀಳುತ್ತದೆ. ಹೆಚ್ಚಿನ ಹಣ ಕೊಡುವುದಾದರೆ ಇದಕ್ಕೇ ಕೊಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೆಯ ಪ್ರಶ್ನೆ ಕಂಪ್ರೆಷನ್ನಿನದು, ಅಂದರೆ ಸಿಲಿಂಡರಿನ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಅನುಪಾತದ್ದು. ಕಾರ್ಖಾನೆಯ ಅನುಪಾತ 8.8 ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ ಒಂದೊಂದು ಸಿಲಿಂಡರಿಗೆ ಸುಮಾರು 85 ಸಿಸಿ. ಅದು ಹಾಗೆಯೇ ಉಳಿದು ಸಿಲಿಂಡರಿನ ಗಾತ್ರ 660 ಸಿಸಿಯಿಂದ 764 ಸಿಸಿಗೆ ಏರಿದರೆ ಅನುಪಾತ ತಾನಾಗಿಯೇ 10ಕ್ಕೆ ಮುಟ್ಟುತ್ತದೆ. ಎರಕದ ಕಬ್ಬಿಣದ ಹೆಡ್ ಇರುವ ಈ ಎಂಜಿನ್ನಿಗೆ, ಮಾಮೂಲಿ ಪೆಟ್ರೋಲಿನಲ್ಲಿ, ಅಷ್ಟು ಬೇಡ. 9.2ರ ಆಸುಪಾಸಿನಲ್ಲಿ ನಿಲ್ಲಿಸಬೇಕಾದರೆ ಪಿಸ್ಟನ್ ತಲೆಯ ತಗ್ಗಿನಲ್ಲಿ ಇನ್ನೂ 8–9 ಸಿಸಿ ಜಾಗ ಬೇಕು. ಶಾರ್ಟ್ ಬ್ಲಾಕ್ ಮಾರುವವರು ಹೇಳುವ ಕಂಪ್ರೆಷನ್ ಅಂಕಿ ಅವರು ಊಹಿಸಿಕೊಂಡ ಹೆಡ್ ಮತ್ತು ಗ್ಯಾಸ್ಕೆಟ್‌ಗೆ ಮಾತ್ರ ಹೊಂದುತ್ತದೆ. ನಿಮ್ಮ ಹೆಡ್ಡನ್ನು ಹಿಂದೆ ಯಾರಾದರೂ ಪ್ಲೇನಿಂಗ್ ಮಾಡಿಸಿದ್ದರೆ (ಅದರ ಕೆಳಮೈಯನ್ನು ಹೆರೆಸಿದ್ದರೆ) ಅಂಕಿ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಹೆಡ್ಡಿನ ಕೋಣೆಗೆ ಎಣ್ಣೆ ತುಂಬಿ ಸಿಸಿ ಅಳೆಸಿದ ಮೇಲೆಯೇ ಪಿಸ್ಟನ್ ಯಾವುದೆಂದು ಹೇಳಿ. ನಿಮ್ಮ ಹೆಡ್ 0331 ಎಂಬ ಎರಕದ ಸಂಖ್ಯೆಯದಾಗಿದ್ದರೆ ಅಳೆಯುವ ಮೊದಲೇ ಬಿರುಕಿನ ಪರೀಕ್ಷೆ ಮಾಡಿಸಿ. 2000–2001ರ ಸುಮಾರಿನ ಆ ಹೆಡ್‌ಗಳು 3 ಮತ್ತು 4ನೇ ಸಿಲಿಂಡರ್‌ಗಳ ನಡುವೆ ಸೀಳುವುದಕ್ಕೆ ಹೆಸರಾಗಿವೆ.

ಪೆಟ್ರೋಲಿನ ವಿಷಯದಲ್ಲಿ ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಆಕ್ಟೇನ್ ಎಂದರೆ ಪೆಟ್ರೋಲು ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಅಮೆರಿಕದವರು ‘91 ಆಕ್ಟೇನ್ ಸಾಕು’ ಎಂದರೆ ಅದು ನಮ್ಮ 91 ಅಲ್ಲ. ಅವರ ಬಂಕಿನ ಸಂಖ್ಯೆ ಎರಡು ಬಗೆಯ ಪರೀಕ್ಷೆಗಳ ಸರಾಸರಿ, ನಮ್ಮದು ಅವೆರಡರಲ್ಲಿ ಹೆಚ್ಚು ಬರುವ ಆರ್‌ಒಎನ್ ಒಂದೇ. ಅವರ 91 ಎಂದರೆ ನಮ್ಮ ಲೆಕ್ಕದಲ್ಲಿ 95–96. ತೋಟದ ವಾಹನಕ್ಕೆ 100 ಆಕ್ಟೇನ್ ಪೆಟ್ರೋಲನ್ನು ನಂಬಿ ಎಂಜಿನ್ ಕಟ್ಟಬಾರದು, ಅದು ಎಲ್ಲ ಬಂಕುಗಳಲ್ಲೂ ಸಿಗುವುದಿಲ್ಲ. ಇನ್ನೊಂದು ಮಾತು: ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಎತ್ತರ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಹಾಗಾಗಿ ಸಿಲಿಂಡರಿನೊಳಗಿನ ಒತ್ತಡವೂ ಕಡಿಮೆ. ಇಲ್ಲಿ ಟ್ಯೂನ್ ಮಾಡಿ ಸದ್ದಿಲ್ಲದೆ ಓಡಿದ ಎಂಜಿನ್, ಶಿರಾಡಿ ಘಾಟಿ ಇಳಿದು ಮಂಗಳೂರಿನ ಸೆಕೆಯಲ್ಲಿ ಭಾರ ಎಳೆಯುವಾಗ ನಾಕ್ ಮಾಡಬಹುದು. 1991ರ ನಂತರದ 4.0 ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇಲ್ಲ. ಎಂಜಿನ್ ತಾನಾಗಿ ತಿದ್ದಿಕೊಳ್ಳುವುದಿಲ್ಲವಾದ್ದರಿಂದ ಟ್ಯೂನಿಂಗನ್ನು ಘಾಟಿಯ ಕೆಳಗೂ ಓಡಿಸಿ ನೋಡಬೇಕು.

ಇಂಧನದ ವ್ಯವಸ್ಥೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಈ ಎಂಜಿನ್ನಿನ ಕಂಪ್ಯೂಟರ್ ಗಾಳಿ ಒಳಗೆ ಬರುವ ಕೊಳವೆಯಾದ ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಎಂಜಿನ್ ದೊಡ್ಡದಾಗಿದೆ ಎಂಬುದು ಅದಕ್ಕೆ ತಿಳಿಯದು. ನಿಧಾನವಾಗಿ ಓಡುವಾಗ ಆಕ್ಸಿಜನ್ ಸೆನ್ಸರ್ ಸ್ವಲ್ಪ ಸರಿದೂಗಿಸುತ್ತದೆ, ಪೂರ್ಣ ಥ್ರಾಟಲ್ ಕೊಟ್ಟಾಗ ಮಿಶ್ರಣ ತೆಳುವಾಗುತ್ತದೆ. ಅದರ ಮೇಲೆ ಈಗಿನ ಶೇಕಡಾ 20 ಎಥನಾಲ್ ಪೆಟ್ರೋಲ್ ಇದೆ, ಅಷ್ಟೇ ಗಾಳಿಗೆ ಅದು ಇನ್ನೂ ಹೆಚ್ಚು ಬೇಕು. ಸ್ವಲ್ಪ ದೊಡ್ಡ ಇಂಜೆಕ್ಟರ್‌ಗಳನ್ನೂ ಹೊಸ ರಬ್ಬರ್ ಹೋಸ್‌ಗಳನ್ನೂ ಅಂದಾಜಿನಲ್ಲಿ ಸೇರಿಸಿಬಿಡಿ.

ಸಿದ್ಧ ಶಾರ್ಟ್ ಬ್ಲಾಕನ್ನೇ ಕೊಳ್ಳುವುದಾದರೆ ಅದರ ಜೊತೆಗೆ ಅಳತೆಯ ಹಾಳೆ ಬರಬೇಕು. ಪ್ರತಿ ಸಿಲಿಂಡರಿನ ಬೋರ್, ಪ್ರತಿ ಪಿಸ್ಟನ್ನಿನ ಅಳತೆ, ಪ್ರತಿ ಬೇರಿಂಗಿನ ಸಂದು, ರಿಂಗ್ ಗ್ಯಾಪ್, ಪಿಸ್ಟನ್ ಬ್ಲಾಕಿನ ಮೇಲ್ಮೈಯಿಂದ ಎಷ್ಟು ಕೆಳಗಿದೆ ಎಂಬುದು, ಬ್ಯಾಲೆನ್ಸಿಂಗಿನ ವಿವರ, ಇಷ್ಟೂ ಅದರಲ್ಲಿರಬೇಕು. ‘ಎಲ್ಲವೂ ಸ್ಪೆಸಿಫಿಕೇಶನ್ ಪ್ರಕಾರ ಇದೆ’ ಎಂಬ ಒಂದು ಸಾಲು ಅಳತೆಯಲ್ಲ. ಕಾರ್ಖಾನೆಯ ಪ್ರಕಾರ ಮೇನ್ ಬೇರಿಂಗಿನ ಸಂದು 0.025ರಿಂದ 0.064 ಮಿಲಿಮೀಟರ್. ಮೇಲಿನ ಎರಡು ರಿಂಗುಗಳ ಗ್ಯಾಪ್ ಸಾಮಾನ್ಯ ಓಟಕ್ಕೆ ಬೋರಿನ ಪ್ರತಿ ಇಂಚಿಗೆ 4 ಥೌನಂತೆ ಸುಮಾರು 0.4 ಮಿಲಿಮೀಟರ್ ಇರಬೇಕು. ಬೋರನ್ನು 60 ಥೌ ವರೆಗೆ ಹಿಗ್ಗಿಸಿದ್ದರೆ ಗೋಡೆಯ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದ್ದಾರೆಯೇ ಎಂದು ಕೇಳಿ. ಹಾಳೆ ಬಂದರೂ ಇಲ್ಲಿಗೆ ತಲುಪಿದ ಮೇಲೆ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿ ಮೈಕ್ರೋಮೀಟರಿನಲ್ಲಿ ಹೋಲಿಸಿ ನೋಡಿ. ಹಡಗಿನ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ಬಂದು, ಇಲ್ಲಿಯ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಕಾದ ಸಿಲಿಂಡರಿನೊಳಗೆ ತುಕ್ಕು ಹಿಡಿದಿದ್ದರೆ ಅದೂ ಆಗಲೇ ಕಾಣುತ್ತದೆ.

ಹಳೆಯ 4.2 ಕ್ರ್ಯಾಂಕ್ ಬಳಸಿದ್ದರೆ ಅದರ ಮುಂದಿನ ಮೂತಿ ಉದ್ದ. ಪುಲ್ಲಿಯ ಬಳಿ ಸ್ಪೇಸರ್ ಹಾಕಿದ್ದಾರೆಯೇ ಅಥವಾ ಮೂತಿಯನ್ನೇ ಕತ್ತರಿಸಿದ್ದಾರೆಯೇ ಎಂದು ವಿಚಾರಿಸಿ. ಕ್ರ್ಯಾಂಕ್ ಸೆನ್ಸರಿಗೆ ಬೇಕಾದ ಹಲ್ಲುಗಳು ಫ್ಲೈವೀಲಿನಲ್ಲಿರುವುದರಿಂದ ನಿಮ್ಮ 4.0 ಫ್ಲೈವೀಲನ್ನೇ ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಹಣ. ಅಲ್ಲಿಯ ಬೆಲೆಯಲ್ಲಿ ಹಳೆಯ ಬ್ಲಾಕ್ ಹಿಂತಿರುಗಿಸಿದಾಗ ಮರಳಿ ಕೊಡುವ ಕೋರ್ ಡಿಪಾಸಿಟ್ ಸೇರಿರುತ್ತದೆ. ನೂರು ಕಿಲೋಗೂ ಹೆಚ್ಚು ತೂಗುವ ಕಬ್ಬಿಣವನ್ನು ನೀವು ವಾಪಸು ಕಳುಹಿಸುವುದಿಲ್ಲ, ಆದ್ದರಿಂದ ಅದು ಹೋದ ಹಣವೆಂದೇ ಬರೆದುಕೊಳ್ಳಿ. ಹಳೆಯ ಬ್ಲಾಕನ್ನು ಮರುಕಟ್ಟಿದ ಸರಕಿಗೆ ಹೊಸ ಬಿಡಿಭಾಗದ ನಿಯಮ ಅನ್ವಯಿಸದಿರಬಹುದು. ಕಸ್ಟಮ್ಸ್ ಏಜೆಂಟರಿಂದ ಮೊದಲೇ ಲಿಖಿತ ಉತ್ತರ ಪಡೆಯಿರಿ. ವಾರಂಟಿಯ ಕಥೆಯೂ ಇಷ್ಟೇ: ಎಂಜಿನ್ ತಮ್ಮ ಶಾಪಿಗೆ ಮರಳಿ ಬಂದರೆ ಮಾತ್ರ ನೋಡುತ್ತೇವೆ, ಇಳಿಸಿ ಏರಿಸುವ ಕೂಲಿ ನಮ್ಮದಲ್ಲ ಎಂಬುದು ಅವುಗಳ ಸಾಮಾನ್ಯ ಷರತ್ತು. ಅಮೆರಿಕದಲ್ಲಿರುವವರಿಗೆ ಸಿದ್ಧ ಬ್ಲಾಕ್ ಕೊಳ್ಳಲು ವಾರಂಟಿಯೇ ದೊಡ್ಡ ಕಾರಣ, ನಮಗೆ ಆ ಕಾರಣ ಬಹುತೇಕ ಇಲ್ಲ. ಇಲ್ಲಿ ಕಟ್ಟಿಸಿದರೆ ತಕರಾರು ಬಂದಾಗ ಎದುರು ನಿಂತು ಮಾತನಾಡುವ ಮನುಷ್ಯ ಇರುತ್ತಾನೆ. ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವರು ಹಾಸನದಲ್ಲಿಯೂ ಇದ್ದಾರೆ. ಆದರೆ ಡಯಲ್ ಬೋರ್ ಗೇಜ್, ಹೋನಿಂಗ್ ಮಾಡುವಾಗ ಹೆಡ್ಡಿನ ಬದಲು ಬಿಗಿಯುವ ಟಾರ್ಕ್ ಪ್ಲೇಟ್, ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಮೆಷಿನ್ ಮೂರೂ ಇರುವ ಶಾಪಿಗಾಗಿ ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಹೋಗಿ. ಅಳತೆಯ ಹಾಳೆಯನ್ನು ಅವರಿಂದಲೂ ಕೇಳಿ ಪಡೆಯಬೇಕು.

ಆರ್‌ಸಿಯನ್ನು ಮರೆಯಬೇಡಿ. ಎಂಜಿನ್ ಸಂಖ್ಯೆ ಮತ್ತು ಸಿಸಿ ಎರಡೂ ಅದರಲ್ಲಿ ನಮೂದಾಗಿರುತ್ತವೆ, ಅವಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಹಿಂದಿನ ಮಾಲೀಕರು ಮಾಡಿಸಿದ ಎಂಜಿನ್ ಬದಲಾವಣೆ ದಾಖಲಾಗಿದೆಯೇ ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲು ನೋಡಿಸಿ. ದಾಖಲಾಗಿರದಿದ್ದರೆ ಯಾವ ಭಾಗಕ್ಕೂ ಮುಂಗಡ ಕೊಡಬೇಡಿ. ಆ ಸ್ಥಿತಿಯಲ್ಲಿ ಅಪಘಾತವಾದರೆ ವಿಮೆಯೂ ಕೈಕೊಡಬಹುದು.

ಕೊನೆಯದಾಗಿ ಮೊದಲ ಸ್ಟಾರ್ಟ್. ಈ ಎಂಜಿನ್ನಿನ ಕ್ಯಾಮ್ ಮೇಲೆ ಚಪ್ಪಟೆ ಟ್ಯಾಪೆಟ್ (ಕ್ಯಾಮಿನ ಏರಿಳಿತವನ್ನು ವಾಲ್ವಿನತ್ತ ಒಯ್ಯುವ ಭಾಗ) ಉಜ್ಜುತ್ತದೆ, ರೋಲರ್ ಇಲ್ಲ. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕಲೇಬಾರದು, ಎಣ್ಣೆಯಲ್ಲಿ ಜಿಂಕ್ ಅಂಶ ಸಾಕಷ್ಟಿರಬೇಕು. ಡಿಸ್ಟ್ರಿಬ್ಯೂಟರ್ ಇರುವ ಮಾದರಿಯಾದರೆ ಅದನ್ನು ತೆಗೆದು, ಡ್ರಿಲ್ ಮೆಷಿನ್ನಿನಿಂದ ಆಯಿಲ್ ಪಂಪ್ ತಿರುಗಿಸಿ, ಗೇಜಿನಲ್ಲಿ ಒತ್ತಡ ಕಂಡು ರಾಕರ್‌ಗಳವರೆಗೆ ಎಣ್ಣೆ ಏರಿದ ಮೇಲೆಯೇ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಕೂಡಲೇ 2,000–2,500 ಆರ್‌ಪಿಎಂಗೆ ಏರಿಸಿ, ಅಲ್ಲಿಂದ ಇಳಿಸದೆ 20 ನಿಮಿಷ ಓಡಿಸಬೇಕು. ನೀರು ಸೋರಿದರೆ ಐಡ್ಲಿಂಗಿಗೆ ಬಿಡದೆ ಎಂಜಿನ್ ನಿಲ್ಲಿಸಿ, ಸರಿಪಡಿಸಿ ಮತ್ತೆ ಮುಂದುವರಿಸಿ. ಆಮೇಲೆ ಎಣ್ಣೆ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಕಾಗದವನ್ನು ಬಿಡಿಸಿ ನೋಡಿ. ನುಣ್ಣನೆಯ ಬೂದುಬಣ್ಣದ ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ. ತಾಮ್ರದ ಬಣ್ಣದ ಚೂರು ಅಥವಾ ಅಯಸ್ಕಾಂತಕ್ಕೆ ಹಿಡಿಯುವ ಚಕ್ಕೆ ಕಂಡರೆ ಜೀಪನ್ನು ಶೆಡ್ಡಿನಿಂದ ಹೊರಗೆ ತೆಗೆಯದೆ ಸಂಪ್ ಬಿಚ್ಚಿ ಬೇರಿಂಗ್‌ಗಳನ್ನೂ ಕ್ಯಾಮನ್ನೂ ಪರೀಕ್ಷಿಸಿ.