ಪೆಟ್ಟಿಗೆ ಮುಂದೇನು ಮಾಡುತ್ತದೆ?

ಸ್ಟಾಕ್‌ಟನ್ ವಿಮಾನ ನಿಲ್ದಾಣ ಆರು ಮೈಲಿ ದೂರದಲ್ಲಿತ್ತು. ನನ್ನ ವಿದ್ಯಾರ್ಥಿಯ ಮುಂದಿದ್ದ ಸೂಜಿ ಕೂದಲೆಳೆಯಷ್ಟೂ ಅತ್ತಿತ್ತ ಸರಿದಿರಲಿಲ್ಲ. ತಲೆಗೆ ಹುಡ್ ಹಾಕಿಕೊಂಡಿದ್ದರಿಂದ ಅವನಿಗೆ ಹೊರಗಿನದೇನೂ ಕಾಣುತ್ತಿರಲಿಲ್ಲ. ನನಗೆ ಮಾತ್ರ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಹೊಲಗಳೂ ಅವುಗಳಾಚೆ ರನ್‌ವೇ 29 ಬಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಸೆಸ್ನಾ 172ರ ವೇಗ 90 ನಾಟ್, ಎತ್ತರ ಚಾರ್ಟಿನಲ್ಲಿ ಬರೆದಷ್ಟೇ. ರನ್‌ವೇ ಬಳಿಯ ಆಂಟೆನಾಗಳ ಸಂಕೇತ ಹಿಡಿದು ಇಳಿಯುವ ವ್ಯವಸ್ಥೆಗೆ ಐಎಲ್‌ಎಸ್ ಎನ್ನುತ್ತಾರೆ. ಅವನು ಅದರ ಗ್ಲೈಡ್‌ಸ್ಲೋಪ್ ಸೂಜಿ, ಅಂದರೆ ಇಳಿಜಾರು ತೋರಿಸುವ ಸೂಜಿ, ಮೇಲಿನಿಂದ ಇಳಿದು ಬರುವುದನ್ನು ಕಾಯುತ್ತಿದ್ದ. ಐದು ಮೈಲಿ ಆಯಿತು, ನಾಲ್ಕೂವರೆ ಆಯಿತು. ಸೂಜಿ ಬರಲಿಲ್ಲ. ಇನ್ನೇನು ಬಂದೀತು ಎಂಬ ನಂಬಿಕೆಯಲ್ಲಿ ಅವನು ಅದೇ ಎತ್ತರದಲ್ಲಿ ರನ್‌ವೇಯನ್ನು ದಾಟಿಬಿಡುವ ಲಕ್ಷಣ ಕಾಣುತ್ತಿತ್ತು.

"ಸೂಜಿಗೆ ಮಾತು ಎಲ್ಲಿಂದ ಬರುತ್ತಿದೆ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ನ್ಯಾವಿಗೇಟರ್ ಪರದೆಯ ಎಡಗಡೆ, ಕೆಳಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಅದು ಬರೆದೇ ಇತ್ತು: ಜಿಪಿಎಸ್.

ಸಣ್ಣ ವಿಮಾನಗಳಲ್ಲಿ ಕಲಿತವರಿಗೆ ಗಾರ್ಮಿನ್ 430 ಎಂಬ ಈ ನ್ಯಾವಿಗೇಟರ್ ಗೊತ್ತಿಲ್ಲದಿರುವುದಿಲ್ಲ. 1998ರಲ್ಲಿ ಬಂದ ಈ ಪೆಟ್ಟಿಗೆ ರೇಡಿಯೊ, ನೆಲದ ಕೇಂದ್ರಗಳಿಂದ ದಿಕ್ಕು ಹಿಡಿಯುವ ವಿಒಆರ್, ಐಎಲ್‌ಎಸ್, ಜಿಪಿಎಸ್, ನಕ್ಷೆ ಎಲ್ಲವನ್ನೂ ಒಂದೇ ಗೂಡಿಗೆ ತಂದಿತು. ಅನುಕೂಲವೂ ಅದೇ, ಅಪಾಯವೂ ಅದೇ. ಪೈಲಟ್ ನೋಡುವ ಸೂಜಿ ಒಂದು, ಅದನ್ನು ತಿರುಗಿಸುವ ಯಜಮಾನರು ಇಬ್ಬರು. ಯಾರ ಮಾತು ಕೇಳಬೇಕೆಂದು ತೀರ್ಮಾನಿಸುವುದು ಸಿಡಿಐ ಎಂಬ ಒಂದು ಗುಂಡಿ. ಅದು ಜಿಪಿಎಸ್ ಕಡೆಗಿದ್ದರೂ ಐಎಲ್‌ಎಸ್‌ನ ಹಾದಿಯ ಮೇಲೆ ಗೆರೆ ಬರುತ್ತದೆ, ಸೂಜಿ ನಡುವೆ ನಿಲ್ಲುತ್ತದೆ. ನೆಲದ ಮೇಲಿನ ಐಎಲ್‌ಎಸ್ ಆಂಟೆನಾಗಳು ಕಳಿಸುವ ಸಂಕೇತ ಮಾತ್ರ ಸೂಜಿಯವರೆಗೆ ಬಂದೇ ಇರುವುದಿಲ್ಲ. ಆ ಗೆರೆಯನ್ನು ಹಿಡಿದು ಐಎಲ್‌ಎಸ್‌ನಲ್ಲಿ ಇಳಿಯುವ ಹಾಗಿಲ್ಲ.

ಹುಡುಗ ದಡ್ಡನಲ್ಲ, ಹಗಲೆಲ್ಲ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಅವನು ಅದುವರೆಗೆ ಕಲಿತಿದ್ದ ವಿಮಾನದಲ್ಲಿ ಈ ಬದಲಾವಣೆ ತಾನಾಗಿ ಆಗುತ್ತಿತ್ತು. ಅಂತಿಮ ಹಾದಿಯ ಎರಡೂ ಪಕ್ಕ 1.2 ಮೈಲಿಯ ಒಳಗೆ, ಅಂತಿಮ ಅಪ್ರೋಚ್ ಬಿಂದುವಿಗೆ (ರನ್‌ವೇಗೆ ಕೊನೆಯ ಇಳಿತ ಶುರುವಾಗುವ ಜಾಗ) 15 ಮೈಲಿಯಿಂದ 2 ಮೈಲಿ ದೂರ ಇರುವಾಗ, ಪೆಟ್ಟಿಗೆಯೇ ಜಿಪಿಎಸ್‌ನಿಂದ ಐಎಲ್‌ಎಸ್‌ಗೆ ಹೊರಳುತ್ತದೆ. ಆದರೆ ಇದೊಂದು ಸೆಟ್ಟಿಂಗ್ ಅಷ್ಟೇ. ಆವತ್ತಿನದು ಬಾಡಿಗೆ ವಿಮಾನ. ಹಿಂದೆ ಹಾರಿಸಿದವರು ಯಾರೋ ಅದನ್ನು 'ಮ್ಯಾನ್ಯುಯಲ್'ಗೆ ಇಟ್ಟು ಹೋಗಿದ್ದರು. ಇವನಿಗೆ ಬದಲಾವಣೆ ಆಗುವುದು ರೂಢಿಯಾಗಿತ್ತು. ಆಗಿದೆಯೋ ಇಲ್ಲವೋ ಎಂದು ನೋಡುವ ರೂಢಿ ಇರಲಿಲ್ಲ.

ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರುವುದನ್ನು ಕಲಿಸುವ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಆಗಿದೆ. ವಿಮಾನವನ್ನು ನೆಟ್ಟಗೆ ಹಾರಿಸುವುದನ್ನು ಹೆಚ್ಚಿನವರು ಬೇಗ ಕಲಿಯುತ್ತಾರೆ. ಪೆಟ್ಟಿಗೆ ಈಗ ಏನು ಮಾಡುತ್ತಿದೆ, ಮುಂದೇನು ಮಾಡಲಿದೆ ಎಂಬುದನ್ನು ಅದಕ್ಕಿಂತ ಮೊದಲೇ ಹೇಳಬಲ್ಲವರು ಕಡಿಮೆ. ಆದ್ದರಿಂದ ಮೊದಲ ಪಾಠದಿಂದಲೇ ನಾನು ಆ ಒಂದು ಪ್ರಶ್ನೆಯನ್ನು ಕೇಳುತ್ತಲೇ ಇರುತ್ತೇನೆ. ಕೆಲವರಿಗೆ ರೇಗುತ್ತದೆ. ರೇಗಲಿ.

ಎರಡನೆಯ ತೊಡಕು ನೆಲದಿಂದ ವಿಮಾನ ಸಂಚಾರ ನೋಡಿಕೊಳ್ಳುವ ನಿಯಂತ್ರಕರೊಂದಿಗಿನದು. ರಾಡಾರ್ ಇರುವ ಕಡೆ ಅವರು ನಮ್ಮನ್ನು ದಿಕ್ಕು ಕೊಟ್ಟು ಕರೆತಂದು ಅಂತಿಮ ಹಾದಿಗೆ ಸೇರಿಸುತ್ತಾರೆ. ಇದಕ್ಕೆಂದೇ ಪೆಟ್ಟಿಗೆಯಲ್ಲಿ 'ವೆಕ್ಟರ್ಸ್ ಟು ಫೈನಲ್' ಎಂಬ ಆಯ್ಕೆ ಇದೆ. ಒತ್ತಿದರೆ ಅಂತಿಮ ಬಿಂದುವಿನಿಂದ ಹಿಂದಕ್ಕೆ ಒಂದು ಉದ್ದ ಗೆರೆ ಎಳೆದುಕೊಡುತ್ತದೆ. ನೋಡಲು ಚೆನ್ನಾಗಿರುತ್ತದೆ. ಆದರೆ 430ರಂತಹ ಹಳೆಯ ಪೆಟ್ಟಿಗೆಗಳಲ್ಲಿ ಆ ಕ್ಷಣವೇ ಅದಕ್ಕೂ ಹಿಂದಿನ ಬಿಂದುಗಳೆಲ್ಲ ಅಪ್ರೋಚಿನ ಬಿಂದುಗಳ ಪಟ್ಟಿಯಿಂದ ಮಾಯವಾಗುತ್ತವೆ. ಎರಡು ನಿಮಿಷ ಬಿಟ್ಟು ನಿಯಂತ್ರಕರು ಮನಸ್ಸು ಬದಲಿಸಿ, ನೇರವಾಗಿ ಮಧ್ಯದ ಬಿಂದುವಿಗೆ ಹೋಗಿ, ಅಪ್ರೋಚ್‌ಗೆ ಅನುಮತಿ ಇದೆ ಎನ್ನುತ್ತಾರೆ. ಹೋಗುವುದೆಲ್ಲಿಗೆ? ಆ ಬಿಂದು ಪಟ್ಟಿಯಲ್ಲೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಮೋಡದೊಳಗೆ ತಲೆ ತಗ್ಗಿಸಿ ಗುಂಡಿಗಳನ್ನು ತಿರುವುತ್ತಾ ಅಪ್ರೋಚನ್ನು ಮತ್ತೆ ಮೊದಲಿನಿಂದ ತುಂಬಿಸುವಷ್ಟರಲ್ಲಿ ವಿಮಾನ 30 ಡಿಗ್ರಿ ವಾಲಿರುತ್ತದೆ.

ನನ್ನ ವಿದ್ಯಾರ್ಥಿಗಳಿಗೆ ಆ ಆಯ್ಕೆಯನ್ನು ನಾನು ಕಲಿಸುವುದಿಲ್ಲ. ಅದು ಇದೆ ಎಂದು ತೋರಿಸಿ ಬಿಡುತ್ತೇನೆ. ಅಪ್ರೋಚನ್ನು ಯಾವುದಾದರೂ ಆರಂಭದ ಬಿಂದುವಿನಿಂದ ಪೂರ್ತಿಯಾಗಿ ತುಂಬಿಸಿ. ನಿಯಂತ್ರಕರು ದಿಕ್ಕು ಕೊಡಲಾರಂಭಿಸಿದ ಮೇಲೆ ಪಟ್ಟಿಯಲ್ಲಿ ಅಂತಿಮ ಬಿಂದುವಿನ ಮೇಲೆ ಕರ್ಸರ್ ಇಟ್ಟು 'ಡೈರೆಕ್ಟ್' ಗುಂಡಿಯನ್ನು ಎರಡು ಸಲ ಒತ್ತಿ, ಎಂಟರ್ ಮಾಡಿ. ಆ ಬಿಂದುವಿಗೆ ಬರುವ ತುಂಡು ಜೀವಂತವಾಗುತ್ತದೆ, ಹಿಂದಿನ ಬಿಂದುಗಳೂ ಉಳಿದಿರುತ್ತವೆ. ನಿಯಂತ್ರಕರು ಏನೇ ಹೇಳಲಿ, ಉತ್ತರ ಕೈಯಲ್ಲೇ ಇರುತ್ತದೆ. ಹೊಸ ಪೆಟ್ಟಿಗೆಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ, ಆದರೆ ತರಬೇತಿ ಶಾಲೆಗಳ ವಿಮಾನಗಳು ಹೊಸವಾಗಿರುವುದು ಅಪರೂಪ.

ಇನ್ನು ನಾನು ನಿಜವಾಗಿ ಹೆದರುವ ವಿಷಯಕ್ಕೆ ಬರುತ್ತೇನೆ.

ಬರಿಯ ಜಿಪಿಎಸ್ ಅಡ್ಡ ದಿಕ್ಕಿನಲ್ಲಿ ದಾರಿ ತೋರಿಸಬಲ್ಲದು. ಎತ್ತರದ ವಿಷಯದಲ್ಲಿ ಅದನ್ನು ನೆಲದ ಹತ್ತಿರ ನಂಬುವಂತಿಲ್ಲ. ಅಮೆರಿಕದಲ್ಲಿ ಈ ಕೊರತೆ ತುಂಬಿದ್ದು 2003ರ ಜುಲೈಯಲ್ಲಿ ಬಳಕೆಗೆ ಬಂದ ವಾಸ್ ವ್ಯವಸ್ಥೆ. ನೆಲದ ಮೇಲಿನ 38 ಉಲ್ಲೇಖ ಕೇಂದ್ರಗಳು ಉಪಗ್ರಹಗಳ ಮಾತಿನಲ್ಲಿರುವ ತಪ್ಪನ್ನು ಅಳೆಯುತ್ತವೆ. ತಿದ್ದುಪಡಿ ಭೂಸ್ಥಿರ ಉಪಗ್ರಹದ ಮೂಲಕ ವಿಮಾನಕ್ಕೆ ಬರುತ್ತದೆ. ತಿದ್ದಲಾಗದಷ್ಟು ಕೆಟ್ಟರೆ ಸುಮಾರು ಆರು ಸೆಕೆಂಡಿನಲ್ಲಿ ಎಚ್ಚರಿಕೆಯೂ ಬರುತ್ತದೆ. ಭಾರತದ ಗಗನ್ ಇದೇ ಬಗೆಯದು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ (ಎಎಐ) ಮತ್ತು ಇಸ್ರೊ ಸೇರಿ ಕಟ್ಟಿದ ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಐಟಿಪಿಎಲ್ ಬಸ್ಸಿಗೆ ಕಾಯುವವರ ಪಕ್ಕದಲ್ಲೇ ದೇಶದ ವಿಮಾನಗಳ ಎತ್ತರದ ಲೆಕ್ಕ ತಿದ್ದಲ್ಪಡುತ್ತಿದೆ ಎಂಬುದು ನನಗೆ ಇಲ್ಲಿ ಕೂತು ನೆನೆದಾಗಲೆಲ್ಲ ಖುಷಿ ಕೊಡುತ್ತದೆ. 2022ರ ಏಪ್ರಿಲ್‌ನಲ್ಲಿ ಇಂಡಿಗೊದ ಒಂದು ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು.

ಈ ವ್ಯವಸ್ಥೆಯ ದೊಡ್ಡ ಫಲ ಎಲ್‌ಪಿವಿ ಅಪ್ರೋಚ್. ರನ್‌ವೇ ಪಕ್ಕದಲ್ಲಿ ಯಾವ ಆಂಟೆನಾ ಇಲ್ಲದಿದ್ದರೂ ಐಎಲ್‌ಎಸ್‌ನಂತೆಯೇ ಕಿರಿದಾಗುತ್ತಾ ಬರುವ ಹಾದಿ, ಇಳಿಜಾರಿನ ಗೆರೆ, ಅನುಕೂಲವಿರುವ ಕಡೆ ನೆಲದಿಂದ 200 ಅಡಿಯವರೆಗೆ ಇಳಿಯಲು ಅವಕಾಶ. ಪುಟ್ಟ ಊರಿನ ಪುಟ್ಟ ರನ್‌ವೇಗಳಿಗೂ ಇದು ಸಿಕ್ಕಿತು. ಇದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಅದರ ಮಲತಮ್ಮನ ಬಗ್ಗೆ. ಪರದೆಯ ಮೇಲೆ ಎಲ್‌ನ್ಯಾವ್ ಪ್ಲಸ್ ವಿ ಎಂದು ಬರೆದಿರುತ್ತದೆ. ಆ ರನ್‌ವೇಯ ಅಪ್ರೋಚಿಗೆ ಅಧಿಕೃತವಾಗಿ ಇಳಿಜಾರಿನ ಗೆರೆ ಇಲ್ಲ, ಎಡ-ಬಲ ತೋರಿಸುವ ದಾರಿ (ಎಲ್‌ನ್ಯಾವ್) ಮಾತ್ರ ಇದೆ. ಆದರೂ ಪೆಟ್ಟಿಗೆ ಉಪಕಾರಕ್ಕೆಂದು ತಾನೇ ಒಂದು ಗೆರೆ ಲೆಕ್ಕ ಹಾಕಿ ಸೂಜಿಯಲ್ಲಿ ತೋರಿಸುತ್ತದೆ. ಎಲ್‌ಪಿವಿಯ ಸೂಜಿಗೂ ಇದಕ್ಕೂ ನೋಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೂಲೆಯ ಅಕ್ಷರಗಳನ್ನು ಓದಿದವನಿಗೆ ಮಾತ್ರ ಗೊತ್ತು.

ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ಬದಲು ನಯವಾಗಿ ಇಳಿಯಲು ಈ ಗೆರೆ ಒಳ್ಳೆಯದೇ. ನಾನೂ ಬಳಸುತ್ತೇನೆ. ಆದರೆ ದಾರಿಯಲ್ಲಿನ ಪ್ರತಿ ಮೆಟ್ಟಿಲಿನ ಕನಿಷ್ಠ ಎತ್ತರ ಕಾಯುವುದು ನನ್ನ ಕೆಲಸ, ಗೆರೆಯದಲ್ಲ. ಕೊನೆಯ ಕನಿಷ್ಠ ಎತ್ತರ, ಅಂದರೆ ಎಂಡಿಎ, ಬಂದಾಗ ಗೆರೆ ನಿಲ್ಲುವುದಿಲ್ಲ. ನೆಟ್ಟಗೆ ಕೆಳಗೆ ಕರೆಯುತ್ತಲೇ ಇರುತ್ತದೆ. ಅಲ್ಲಿಂದ ಕೆಳಗೆ ಆ ಗೆರೆಗೆ ಮರ, ಗುಡ್ಡ, ಕಂಬ ಅಡ್ಡ ಇಲ್ಲವೆಂದು ಯಾರೂ ಖಾತರಿ ಕೊಟ್ಟಿಲ್ಲ. ಆ ಊರಿಗೆ ಎಲ್‌ಪಿವಿ ಸಿಗದೇ ಇರುವುದಕ್ಕೆ ಎಷ್ಟೋ ಸಲ ಆ ಗುಡ್ಡವೇ ಕಾರಣ.

ಲೆಕ್ಕ ಹಾಕಿ ನೋಡಿ. 90 ನಾಟ್‌ನಲ್ಲಿ ಮೂರು ಡಿಗ್ರಿ ಇಳಿಜಾರು ಎಂದರೆ ನಿಮಿಷಕ್ಕೆ ಸುಮಾರು 480 ಅಡಿ, ಸೆಕೆಂಡಿಗೆ ಎಂಟು ಅಡಿ. ಎಲ್‌ಪಿವಿಯಲ್ಲಿ ತೀರ್ಮಾನದ ಎತ್ತರಕ್ಕೆ ಬಂದು, ರನ್‌ವೇ ಕಾಣದೆ, ಪವರ್ ಕೊಟ್ಟು ಮೂಗೆತ್ತುವಷ್ಟರಲ್ಲಿ ವಿಮಾನ 40 ಅಡಿ ಕುಸಿದರೂ ಪರವಾಗಿಲ್ಲ. ಆ ಕುಸಿತವನ್ನು ಲೆಕ್ಕಕ್ಕೆ ಹಿಡಿದೇ ಎತ್ತರ ನಿಗದಿ ಮಾಡಿರುತ್ತಾರೆ. ಎಂಡಿಎಗೆ ಆ ಸಡಿಲಿಕೆ ಇಲ್ಲ. ಒಂದು ಅಡಿಯೂ ಕೆಳಗೆ ಹೋಗುವಂತಿಲ್ಲ. ಹಾಗಾಗಿ ಪ್ಲಸ್ ವಿ ಗೆರೆಯಲ್ಲಿ ಇಳಿಯುವವನು ಎಂಡಿಎಗೆ 50 ಅಡಿ ಇರುವಾಗಲೇ ಏರಲು ತೊಡಗಬೇಕು, ಇಲ್ಲವೇ ಅಲ್ಲಿ ಮಟ್ಟವಾಗಿ ನಿಲ್ಲಬೇಕು. ನಾನು ವಿದ್ಯಾರ್ಥಿಯ ಕೈಯಿಂದ ಆ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಚಾರ್ಟಿನ ಮೇಲೆ ಬರೆಸುತ್ತೇನೆ. ಪರದೆಯ ಮೇಲಿನದನ್ನು ಮರೆಯುವವರೂ ತಾವೇ ಬರೆದದ್ದನ್ನು ಮರೆಯುವುದಿಲ್ಲ.

ಎಲ್‌ಪಿವಿ ಎಂದು ಹೊರಟದ್ದು ಎಲ್‌ಪಿವಿಯಾಗಿಯೇ ಉಳಿಯುತ್ತದೆ ಎಂದೂ ಇಲ್ಲ. ಅಂತಿಮ ಬಿಂದುವಿಗೆ ಒಂದು ನಿಮಿಷ ಇರುವಾಗ ಪೆಟ್ಟಿಗೆ ಸಂಕೇತದ ಗುಣಮಟ್ಟ ನೋಡುತ್ತದೆ. ಸಾಲದಿದ್ದರೆ ದರ್ಜೆ ಇಳಿಸಿ, ಎಲ್‌ನ್ಯಾವ್ ಕನಿಷ್ಠ ಎತ್ತರ ಬಳಸಿ ಎಂದು ಸಂದೇಶ ಕೊಡುತ್ತದೆ. ಅದಕ್ಕೇ ಆ ಸಂಖ್ಯೆಯೂ ಮೊದಲೇ ಬಾಯಲ್ಲಿರಬೇಕು. 28 ದಿನಕ್ಕೊಮ್ಮೆ ಬದಲಾಗುವ ಡೇಟಾಬೇಸ್ ಬಗ್ಗೆ ಒಂದೇ ಮಾತು: ಎಂಜಿನ್ ಶುರು ಮಾಡಿದಾಗ ಬರುವ ದಿನಾಂಕವನ್ನು ಓದಿ, ಆಮೇಲೆ ಮುಂದಿನ ಗುಂಡಿ ಒತ್ತಿ.

ಕೊನೆಗೆ ಮಿಸ್ಡ್ ಅಪ್ರೋಚ್, ಅಂದರೆ ರನ್‌ವೇ ಕಾಣದೆ ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು. ಇಲ್ಲಿ ಪೆಟ್ಟಿಗೆ ಬೇಕೆಂದೇ ಕೈಕಟ್ಟಿ ನಿಲ್ಲುತ್ತದೆ. ಮಿಸ್ಡ್ ಅಪ್ರೋಚ್ ಬಿಂದು ದಾಟಿದೊಡನೆ ಓಬಿಎಸ್ ಎಂಬ ಗುಂಡಿಯ ಮೇಲೆ 'ಸಸ್ಪ್' (ತಡೆಹಿಡಿದಿದೆ) ಎಂದು ತೋರಿಸಿ ಮುಂದಿನ ತುಂಡಿಗೆ ಹೋಗುವುದಿಲ್ಲ. ಮೊದಲು ನೇರ ಏರಿ ಆಮೇಲೆ ತಿರುಗಿ ಎಂದು ಚಾರ್ಟ್ ಹೇಳಿರಬಹುದು. ಅಷ್ಟು ಏರಿದ್ದೀರೋ ಇಲ್ಲವೋ ಪೆಟ್ಟಿಗೆಗೆ ಗೊತ್ತಿಲ್ಲ. ಹೊಸಬರು ಮೊದಲು ಆ ಗುಂಡಿಗೆ ಕೈ ಹಾಕುತ್ತಾರೆ. ಪವರ್, ಮೂಗು, ಫ್ಲಾಪ್, ಏರಿಕೆ, ಇವೆಲ್ಲ ಆದ ಮೇಲೆ ಗುಂಡಿ. ಗುಂಡಿ ಅರ್ಧ ನಿಮಿಷ ಕಾಯುತ್ತದೆ, ನೆಲ ಕಾಯುವುದಿಲ್ಲ.

ಸ್ಟಾಕ್‌ಟನ್‌ನ ಆ ಹುಡುಗನನ್ನು ಬೇಸಿಗೆಯಲ್ಲೊಂದು ಬೆಳಿಗ್ಗೆ ವ್ಯಾಟ್ಸನ್‌ವಿಲ್‌ಗೆ ಕರೆದೊಯ್ದೆ. ಮಾಂಟೆರೆ ಕೊಲ್ಲಿಯಿಂದ ಎದ್ದ ಕಡಲ ಮೋಡ ಹತ್ತಿಯ ಹಾಸಿನಂತೆ ಊರನ್ನು ಮುಚ್ಚಿತ್ತು. ಹುಡ್ ಬೇಕಾಗಲಿಲ್ಲ. ಹೊರಡುವ ಮುನ್ನ ನಾನು ಪರದೆಯ ನಕ್ಷೆಯ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದೆ, ಮೂಲೆಯ ಅಕ್ಷರಗಳು ಮಾತ್ರ ಕಾಣುವ ಹಾಗೆ. ರನ್‌ವೇ 2ರ ಜಿಪಿಎಸ್ ಅಪ್ರೋಚ್ ಉದ್ದಕ್ಕೂ ಅವನು, ನಾನು ಕೇಳುವ ಮೊದಲೇ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ: ಸೂಜಿ ಜಿಪಿಎಸ್‌ನದು. ಇನ್ನೆರಡು ಮೈಲಿಗೆ ಅಕ್ಷರ ಬದಲಾಗಬೇಕು. ಬದಲಾಯಿತು. ಕನಿಷ್ಠ ಎತ್ತರದಲ್ಲೂ ಹೊರಗೆ ಬೂದು ಬಣ್ಣವೇ ಇತ್ತು. "ಈಗ ಇದು ನಿಲ್ಲುತ್ತದೆ, ನಾನು ಏರುತ್ತೇನೆ" ಎಂದು ಪವರ್ ಕೊಟ್ಟ. ಮೋಡದ ಮೇಲೆ ಬಿಸಿಲಿಗೆ ಬಂದು ವಿಮಾನ ಸಮತೋಲಕ್ಕೆ ಬಂದ ಮೇಲೆ ಗುಂಡಿ ಒತ್ತಿದ, ಚೀಟಿ ಕಿತ್ತು ನನ್ನ ಮೊಣಕಾಲಿನ ಮೇಲೆ ಅಂಟಿಸಿದ.